ಸುಣ್ಣದ ನೀರಿನಲ್ಲಿ ಎರಡು ಹಡಗು

ಕೈ ತೊಳೆಯುವ ವಿಷಯದಲ್ಲಿ ನನಗೆ ಹುಚ್ಚು ಹಿಡಿದಿದೆ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಒಂದು ಚಿಟಿಕೆ ಅರಿಶಿನದಿಂದ ಒಬ್ಬ ಮುದುಕರ ಅಂಗಡಿಯ ಬಾಗಿಲು ಮುಚ್ಚುವುದರಲ್ಲಿತ್ತು, ಅದರ ಜೊತೆಗೆ ನಮ್ಮ ಮನೆಯ ಅನ್ನವೂ ಹೋಗುವುದರಲ್ಲಿತ್ತು ಎಂದರೆ ಯಾರು ನಂಬುತ್ತಾರೆ.

ಆಗ ನಾವು ನ್ಯೂಜೆರ್ಸಿಯ ಸಮರ್‌ಸೆಟ್‌ನಲ್ಲಿ ಬಾಡಿಗೆಯ ಅಪಾರ್ಟ್‌ಮೆಂಟಿನಲ್ಲಿದ್ದೆವು. ಎಪ್ಪತ್ತರ ದಶಕ ಆಗತಾನೆ ಶುರುವಾಗಿತ್ತು. ವಿಮಾನದ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ನನ್ನ ಗಂಡನಿಗೆ ಆ ವರ್ಷದ ಬೇಸಿಗೆಯಲ್ಲಿ ಲೇ ಆಫ್ ಆಯಿತು. ಆಮೇಲೂ ಅವರು ದಿನಾ ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಟೈ ಕಟ್ಟಿಕೊಂಡು ಊಟದ ಮೇಜಿನ ಮುಂದೆ ಕೂತು ಅಪ್ಲಿಕೇಶನ್ ಟೈಪ್ ಮಾಡುತ್ತಿದ್ದರು. ಮನೆಯಲ್ಲಿ ಟೈ ಯಾಕೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಬಿಚ್ಚಿಬಿಡುತ್ತಿದ್ದರು, ಅದನ್ನು ನೋಡುವ ಧೈರ್ಯ ನನಗಿರಲಿಲ್ಲ.

ಪುಣ್ಯಕ್ಕೆ ನನಗೊಂದು ಕೆಲಸ ಸಿಕ್ಕಿತ್ತು. ನ್ಯೂ ಬ್ರನ್ಸ್‌ವಿಕ್‌ನಲ್ಲಿ ಒಂದು ಮಹಡಿಯ ಮೇಲಿನ ಅಂಗಡಿ. ಹಳೆಯ ಅಚ್ಚುಚಿತ್ರಗಳನ್ನು, ಭೂಪಟಗಳನ್ನು ತೊಳೆದು, ಹರಿದದ್ದನ್ನು ಕೂಡಿಸಿ, ಚೌಕಟ್ಟು ಹಾಕಿಕೊಡುವ ಕೆಲಸ. ಯಜಮಾನರು ಹಂಗೇರಿಯಿಂದ ಬಂದವರು, ಎಪ್ಪತ್ತು ದಾಟಿದವರು, ಒಂಟಿ. ನಮ್ಮಪ್ಪ ಮೈಸೂರಿನಲ್ಲಿ ಪುಸ್ತಕ ಬೈಂಡಿಂಗ್ ಮಾಡುತ್ತಿದ್ದರು ಎಂದು ನಾನು ಹೇಳಿದಾಗ ಅವರು ಇನ್ನೇನೂ ಕೇಳಲಿಲ್ಲ. ಹಿಟ್ಟು ಕೊಟ್ಟು, ಅಂಟು ಕುದಿಸಿ ತೋರಿಸಿ ಎಂದರು. ಗಂಟಿಲ್ಲದೆ ಕುದಿಸಿದೆ. ಬೆರಳಲ್ಲಿ ಎಳೆದು ನೋಡಿ, "ಮ್ಯಾಡಮ್, ಸೋಮವಾರ ಬನ್ನಿ" ಎಂದರು. ಯಜಮಾನರಾದರೂ ನನ್ನನ್ನು ಕೊನೆಯವರೆಗೂ ಮ್ಯಾಡಮ್ ಎಂದೇ ಕರೆದರು. ಅವರ ಇಂಗ್ಲಿಷು ಹಂಗೇರಿಯದು, ನನ್ನದು ಮೈಸೂರಿನದು. ಒಬ್ಬರದು ಇನ್ನೊಬ್ಬರಿಗೆ ಅರ್ಥವಾಗುತ್ತಿತ್ತು, ಗಿರಾಕಿಗಳಿಗೆ ಮಾತ್ರ ಇಬ್ಬರದೂ ಅರ್ಥವಾಗುತ್ತಿರಲಿಲ್ಲ. ನಾಲ್ಕನೆಯ ತಿಂಗಳಿಗೆ ಅಂಗಡಿಯ ಬೀಗದ ಕೈ ಒಂದನ್ನು ನನಗೂ ಕೊಟ್ಟರು.

ಸೆಪ್ಟೆಂಬರ್ ಕೊನೆಗೆ ಒಬ್ಬ ಅಜ್ಜಿ ಒಂದು ಯುದ್ಧದ ಚಿತ್ರ ತಂದರು. ಉಕ್ಕಿನ ತಗಡಿನ ಮೇಲೆ ಕೊರೆದು ಅಚ್ಚು ಹಾಕಿದ್ದು, ಬರೀ ಕಪ್ಪು ಗೆರೆ, ಬಣ್ಣವಿಲ್ಲ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ವರ್ಜೀನಿಯಾದ ತೀರದಲ್ಲಿ ಎರಡು ಕಬ್ಬಿಣದ ಹಡಗುಗಳು ಎದುರುಬದುರಾದ ದೃಶ್ಯ. ಒಂದಂತೂ ಹಡಗಿನ ಹಾಗೆ ಇರಲೇ ಇಲ್ಲ. ಮಣೆಯ ಮೇಲೆ ಪಾವನ್ನು ಬೋರಲು ಹಾಕಿದಂತಿತ್ತು. ಅದನ್ನು ಕಟ್ಟಿದ್ದು ಇಲ್ಲೇ ಬ್ರೂಕ್ಲಿನ್‌ನಲ್ಲಿ ಎಂದು ಯಜಮಾನರು ಹೇಳಿದರು. ಇನ್ನೊಂದು, ಪ್ರವಾಹದಲ್ಲಿ ಗೋಡೆ ಮುಳುಗಿ ಸೂರು ಮಾತ್ರ ಕಾಣುವ ಮನೆಯ ಹಾಗಿತ್ತು. ಅವೆರಡರ ನಡುವೆ ಹೊಗೆ. ಹಿಂದೆ, ಈ ಸೂರಿನಂಥ ಹಡಗು ಹಿಂದಿನ ದಿನ ಮುಳುಗಿಸಿದ ಮರದ ಹಡಗೊಂದರ, ಹಾಯಿ ಕಟ್ಟುವ ಕೂವೆಕಂಬಗಳು. ಮುಂದೆ, ನೀರಿನಲ್ಲಿ ಕೈಯೆತ್ತಿದ ಒಬ್ಬ ಮನುಷ್ಯ, ಅಕ್ಕಿಕಾಳಿನಷ್ಟು.

"ಇವನು ನಮ್ಮ ತಾತ," ಎಂದು ಅಜ್ಜಿ ಆ ಅಕ್ಕಿಕಾಳನ್ನು ತೋರಿಸಿದರು. ಅವರ ತಾತ ಆ ಮರದ ಹಡಗಿನಲ್ಲಿದ್ದವರಂತೆ, ಈಜಿ ಬದುಕಿದವರಂತೆ. ಚಿತ್ರ ಕೊರೆದವನಿಗೆ ಅವರ ತಾತ ಯಾರೆಂದು ಗೊತ್ತಿರುವುದಕ್ಕೆ ಸಾಧ್ಯವೇ ಇಲ್ಲ. ಆದರೆ ಆ ಮನೆಯಲ್ಲಿ ಮೂರು ತಲೆಮಾರು ಹಾಗೆಂದು ನಂಬಿಕೊಂಡು ಬಂದಿತ್ತು, ಅಡುಗೆಮನೆಯ ಹೊಗೆ ಹಿಡಿದು ಹಿಡಿದು ತಾತ ಮಸುಕಾಗಿದ್ದರು. ಮೊಮ್ಮಗನ ಮದುವೆಗೆ ಉಡುಗೊರೆ ಕೊಡಬೇಕು, ಅಕ್ಟೋಬರಿನ ಇಂಥ ಶನಿವಾರ ಬರುತ್ತೇನೆ ಎಂದು ಹೇಳಿ ಹೋದರು.

ಆ ಶನಿವಾರದ ಹಿಂದಿನ ಮಂಗಳವಾರ ಆಯುಧಪೂಜೆ.

ಅಪ್ಪನ ಬೈಂಡಿಂಗ್ ಶಾಪಿನಲ್ಲಿ ಆ ದಿನ ಕತ್ತರಿ, ದಬ್ಬಳ, ಕತ್ತಿ, ಒತ್ತುವ ಯಂತ್ರ ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟು ಅರಿಶಿನ ಕುಂಕುಮ ಹಚ್ಚುತ್ತಿದ್ದರು. ಪೂಜೆ ಆದ ಮೇಲೆ ಮಾರನೆಯ ದಿನದವರೆಗೆ ಯಾರೂ ಅವನ್ನು ಮುಟ್ಟುವ ಹಾಗಿಲ್ಲ. ನಾನು ಪೆನ್ಸಿಲ್ ಕೆತ್ತಲು ಬ್ಲೇಡು ಎತ್ತಿಕೊಂಡು ಒಮ್ಮೆ ಏಟು ತಿಂದಿದ್ದೇನೆ.

ಅಮೆರಿಕದಲ್ಲಿ ನಾನು ಇದನ್ನೆಲ್ಲ ಬಿಟ್ಟಿದ್ದೆ. ನಾನೇನು ಅಂಥ ಮಡಿವಂತಳಲ್ಲ. ಆದರೆ ಆ ವರ್ಷ ಹೆದರಿಕೆ ಮನೆಯೊಳಗೇ ಬಂದು ಕೂತಿತ್ತು. ಗಂಡನಿಗೆ ಬರುತ್ತಿದ್ದ ಕಾಗದಗಳೆಲ್ಲ "ವಿಷಾದಿಸುತ್ತೇವೆ" ಎಂದೇ ಶುರುವಾಗುತ್ತಿದ್ದವು. ಅದರ ಮೇಲೆ ಭಾನುವಾರ ತರಕಾರಿ ಹೆಚ್ಚುವಾಗ ಬೆರಳು ಕುಯ್ದುಕೊಂಡೆ. ಅಷ್ಟು ಸಾಕಾಯಿತು ನನಗೆ. ಕೈಕೆಲಸದವಳ ಕೈಗೇ ಪೆಟ್ಟು ಬಿತ್ತಲ್ಲ, ಈ ಕೆಲಸವೂ ಹೋದರೆ ಗತಿಯೇನು ಎನ್ನಿಸಿತು. ಮಂಗಳವಾರ ಅರ್ಧ ಗಂಟೆ ಮುಂಚಿನ ಬಸ್ಸು ಹಿಡಿದು ಹೋಗಿ, ನನ್ನ ಹತ್ತಿರವಿದ್ದ ಕೀಲಿಯಿಂದ ಅಂಗಡಿ ತೆಗೆದೆ. ಹುಬ್ಬಳ್ಳಿಯಿಂದ ಬಂದ ಗಟ್ಟಿ ಬಣ್ಣದ ಅರಿಶಿನ, ಕೆಂಡಲ್ ಪಾರ್ಕಿನಲ್ಲಿದ್ದ ಧಾರವಾಡದ ಆಂಟಿ ಕೊಟ್ಟದ್ದು. ಕತ್ತರಿಗೆ, ಕತ್ತಿಗೆ, ಕುಂಚಗಳ ಹಿಡಿಗೆ, ಒತ್ತುವ ಯಂತ್ರದ ಚಕ್ರಕ್ಕೆ ಹಚ್ಚಿ, ಮೇಲೆ ಕುಂಕುಮ ಇಟ್ಟೆ. ಕೈ ಮುಗಿದು, ನಮ್ಮನ್ನು ಕಾಪಾಡಪ್ಪ ಎಂದೆ. ಯಾವ ದೇವರಿಗೆ ಹೇಳಿದೆನೋ ನನಗೇ ಗೊತ್ತಿಲ್ಲ. ಯಜಮಾನರ ಹೆಜ್ಜೆ ಮೆಟ್ಟಿಲ ಮೇಲೆ ಕೇಳುವಷ್ಟರಲ್ಲಿ ಎಲ್ಲವನ್ನೂ ಬಟ್ಟೆಯಲ್ಲಿ ಒರೆಸಿ, ನಲ್ಲಿಯ ಕೆಳಗೆ ಕೈಯೊಡ್ಡಿ ಮುಗಿಸಿದೆ. ಕುಂಕುಮ ಹೋಯಿತೇ ಎಂದು ನೋಡಿದೆ, ಹೋಗಿತ್ತು. ಅರಿಶಿನ ನೋಡಲಿಲ್ಲ. ಅರಿಶಿನವನ್ನು ನಮ್ಮವರು ಯಾರಾದರೂ ನೋಡುತ್ತಾರೆಯೇ, ಹುಟ್ಟಿದಾಗಿನಿಂದ ಕೈಯಲ್ಲೇ ಇರುತ್ತದೆ.

ಆಮೇಲೆ ಮಾಡಬಾರದ್ದನ್ನು ಮಾಡಿದೆ. ಪೂಜೆ ಮಾಡಿದ ಹತಾರುಗಳನ್ನು ಅಂದೇ ಎತ್ತಿಕೊಂಡು ಕೆಲಸಕ್ಕೆ ಕೂತೆ. ಇಲ್ಲಿ ಆಯುಧಪೂಜೆಗೆ ರಜಾ ಯಾರು ಕೊಡುತ್ತಾರೆ.

ಅಂದಿನ ಕೆಲಸವೆಂದರೆ ಆ ಯುದ್ಧದ ಚಿತ್ರದ ಒಣ ಕೊಳೆ ತೆಗೆಯುವುದು. ಯಜಮಾನರದು ಹಳೆಯ ಕಾಲದ ಪದ್ಧತಿ. ಬ್ರೆಡ್ಡಿನ ತಿರುಳನ್ನು ಬೆರಳಲ್ಲಿ ನಾದಿ ಉಂಡೆ ಮಾಡಿ ಕಾಗದದ ಮೇಲೆ ಮೆಲ್ಲಗೆ ಉಜ್ಜಬೇಕು, ಕೊಳೆಯೆಲ್ಲ ಅದಕ್ಕೆ ಅಂಟಿಕೊಂಡು ಬರುತ್ತದೆ. ಮಧ್ಯಾಹ್ನದವರೆಗೆ ಉಜ್ಜಿದೆ. ಹೊಗೆ ಹೊಗೆಯಾಗಿ ಕಾಣಿಸಿತು, ಅಲೆ ಅಲೆಯಾಗಿ. ಅಜ್ಜಿಯ ತಾತನನ್ನು ವಿಶೇಷ ಭಕ್ತಿಯಿಂದ ಉಜ್ಜಿದೆ.

ಮೂರು ಗಂಟೆಗೆ ಯಜಮಾನರು ತಿಳಿ ಸುಣ್ಣದ ನೀರನ್ನು ಬಿಳಿ ತಟ್ಟೆಗೆ ಸುರಿದರು. ಹಳೆಯ ಕಾಗದದಲ್ಲಿ ಹುಳಿ ಸೇರಿಕೊಂಡಿರುತ್ತದೆ, ಸುಣ್ಣದ ನೀರು ಅದನ್ನು ಕಳೆಯುತ್ತದೆ ಎಂದು ನನಗೆ ಕಲಿಸಿದ್ದರು. ಹಾಳೆಯನ್ನು ಎರಡು ಕೈಯಲ್ಲೂ ಹಿಡಿದು ಮಗುವಿಗೆ ಸ್ನಾನ ಮಾಡಿಸುವ ಹಾಗೆ ನೀರಿಗಿಳಿಸಿದರು.

ಸಮುದ್ರ ಕೆಂಪಾಯಿತು. ಮೊದಲು ಮುಳುಗಿದ ಹಡಗಿನ ಹತ್ತಿರ ಒಂದು ಗೀಟು, ಆಮೇಲೆ ಅದರ ಪಕ್ಕದಲ್ಲಿ ಇನ್ನೊಂದು, ಆಮೇಲೆ ಆ ಅಕ್ಕಿಕಾಳಿನ ಮನುಷ್ಯನ ಸುತ್ತ ರಕ್ತ ಚೆಲ್ಲಿದ ಹಾಗೆ. ಒಂದೊಂದು ಗೀಟೂ ನನ್ನ ಬೆರಳಿನ ಅಗಲವಿತ್ತು.

ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುತ್ತದೆ ಎಂದು ಯಾವ ಕನ್ನಡದ ಹೆಂಗಸಿಗೆ ಗೊತ್ತಿಲ್ಲ. ಬಾಣಂತಿಗೆ, ಮದುಮಕ್ಕಳಿಗೆ ಎತ್ತುವ ಆರತಿಯ ಕೆಂಪು ನೀರು ಅದೇ ತಾನೇ. ನನ್ನ ಮದುವೆಯ ದಿನ ಬಾಗಿಲಲ್ಲಿ ನನಗೂ ಎತ್ತಿದ್ದರು. ನೋಡಿದ ಕೂಡಲೆ ನನಗೆ ತಿಳಿಯಿತು.

ಯಜಮಾನರು ಹಾಳೆಯನ್ನು ಮೇಲೆತ್ತಿದರು. ಶುದ್ಧ ನೀರಿಗೆ ಹಾಕಿದರು. ಮತ್ತೆ ಎತ್ತಿದರು. ಕೆಂಪು ಕಂದಿ ಕಿತ್ತಳೆಯಾಯಿತೇ ಹೊರತು ಹೋಗಲಿಲ್ಲ. ತುಂಬ ಹೊತ್ತು ತಮ್ಮ ಎರಡು ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು.

"ನಾನೇ ಏನೋ ಮಾಡಿದೆ," ಎಂದರು. "ನೀರಿಗೆ ಏನೋ ಬೆರೆಸಿಬಿಟ್ಟೆ. ನೆನಪಿಲ್ಲ."

ಆಗ ಬಾಯಿಬಿಡಬೇಕಿತ್ತು. ಬಿಡಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ, ಮನೆಯಲ್ಲಿ ಟೈ ಕಟ್ಟಿಕೊಂಡು ಕೂತವರಿಗೆ ಏನು ಹೇಳಲಿ ಎಂಬುದೊಂದೇ ತಲೆಯಲ್ಲಿತ್ತು. "ಹಾಗೇನಿಲ್ಲ ಸರ್, ಹಳೇ ಕಾಗದ," ಎಂದೆ. ನನ್ನ ಜನ್ಮದಲ್ಲಿ ನಾನಾಡಿದ ಅತಿ ಹೇಸಿಗೆಯ ಮಾತು ಅದು.

ಅಂದು ಸಂಜೆ ಮನೆಯಲ್ಲಿ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಏಳು ವರ್ಷದ ಮಗಳು ತಟ್ಟೆ ಸರಿಸಿ, "ಆರ್ ಯೂ ಮ್ಯಾಡ್ ಅಟ್ ಮಿ?" ಎಂದಳು. ಗಂಡನಿಗೆ ಎಲ್ಲ ಹೇಳಿದೆ.

"ಬಿಸಿಲಿಗೆ ಇಟ್ರೆ ಅರಿಶಿನದ ಕಲೆ ಹೋಗತ್ತಲ್ಲೇ," ಎಂದರು ಅವರು.

"ಬಿಸಿಲೆಲ್ರೀ ಇದೆ? ವಾರವೆಲ್ಲ ಮಳೆ ಅಂತ ಟೀವಿನಲ್ಲಿ ಹೇಳ್ತಿದಾನೆ. ಅಲ್ದೆ ಅವರು ಬಿಸಿಲಿಗೆ ಇಡಕ್ಕೆ ಬಿಡ್ತಾರಾ? ಚಿತ್ರಕ್ಕೆ ಬೆಳಕು ತಾಗಬಾರದು ಅಂತ ಬಂದವರಿಗೆಲ್ಲ ಪಾಠ ಮಾಡ್ತಾರೆ."

"ಹಾಗಾದ್ರೆ ಹೇಳಿಬಿಡು."

"ಹೇಳಿ? ಆಮೇಲೆ?"

ಅವರು ಟೈಪ್‌ರೈಟರ್ ಕಡೆ ನೋಡಿದರು. ನಾನು ಹಾಗೆ ಕೇಳಬಾರದಿತ್ತು.

ಬುಧವಾರ ಮಳೆ. ಯಜಮಾನರು ಬೇರೆ ಯಾವ ಕೆಲಸವನ್ನೂ ಮುಟ್ಟಲಿಲ್ಲ. ಪುಸ್ತಕಗಳನ್ನು ತೆಗೆದು ಓದಿದರು, ಸುಣ್ಣದ ಡಬ್ಬಿ ಮೂಸಿದರು, ಕನ್ನಡಕ ಬದಲಿಸಿದರು. ನಾನು ಒಂದು ಭೂಪಟದ ಅಂಚಿಗೆ ಪಟ್ಟಿ ಅಂಟಿಸುತ್ತ ಕಿಟಕಿಯನ್ನೇ ನೋಡುತ್ತಿದ್ದೆ. ಮೋಡ ಸರಿದರೆ ಹೇಗಾದರೂ ಮಾಡಿ ಕದ್ದು ಬಿಸಿಲಿಗಿಡಬಹುದು, ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂಬ ಆಸೆ. ಮೋಡ ಜಪ್ಪಯ್ಯ ಎಂದರೂ ಸರಿಯಲಿಲ್ಲ.

ಸಂಜೆ ಧಾರವಾಡದ ಆಂಟಿಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಆ ಮುದುಕ ತನ್ನ ಕೈ ಕೆಟ್ಟಾವಂತ ತಿಳಕೊಂಡು ಕುಂತಾನೇನ?" ಎಂದರು.

"ಹೂಂ ಆಂಟಿ."

"ನೀ ಸುಮ್ನ ನೋಡಕೋತ ಕುಂತೀದಿ?"

ನಾನು ಫೋನಿನ ವೈರನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದೆ.

"ತಂಗಿ, ಅರಿಶಿಣ ಕೊಟ್ಟಾಕಿ ನಾನು. ನೀ ಹೇಳಲಿಲ್ಲಂದ್ರ ನಾನs ಬಂದು ಹೇಳ್ತೀನಿ ನೋಡು," ಎಂದು ಫೋನ್ ಇಟ್ಟರು. ಅವರಿಗೆ ಡ್ರೈವ್ ಮಾಡಲು ಬರುತ್ತಿರಲಿಲ್ಲ, ಇಂಗ್ಲಿಷೂ ಬರುತ್ತಿರಲಿಲ್ಲ. ಆದರೂ ಬಂದೇ ಬರುತ್ತಾರೆ ಎಂದು ನನಗೆ ಭಯವಾಯಿತು.

ಗುರುವಾರವೂ ಮಳೆ. ನಾನು ಹೋದಾಗ ಯಜಮಾನರು ತಮ್ಮ ಕುಂಚಗಳನ್ನು ತೊಳೆದು ಒರೆಸಿ, ಒಂದೊಂದನ್ನೂ ಕಾಗದದಲ್ಲಿ ಸುತ್ತಿ ಪೆಟ್ಟಿಗೆಗೆ ಇಡುತ್ತಿದ್ದರು. ದಿನಾ ಸಂಜೆ ತೊಳೆಯುತ್ತಿದ್ದರು ನಿಜ, ಸುತ್ತುತ್ತಿರಲಿಲ್ಲ.

"ಆ ಹೆಂಗಸಿಗೆ ಇವತ್ತು ಫೋನ್ ಮಾಡುತ್ತೇನೆ," ಎಂದರು. "ಐವತ್ತು ವರ್ಷದಲ್ಲಿ ಒಂದು ಹಾಳೆ ಕೆಡಿಸಿರಲಿಲ್ಲ. ಹೋದ ವರ್ಷದಿಂದಲೇ ಕೈ ಮೇಲೆ ನನಗೆ ಅನುಮಾನವಿತ್ತು, ಮ್ಯಾಡಮ್. ಯಾರಿಗೂ ಹೇಳಿರಲಿಲ್ಲ. ಇನ್ನು ಬೇರೆಯವರ ವಸ್ತು ಮುಟ್ಟುವುದು ತಪ್ಪು. ಕ್ರಿಸ್‌ಮಸ್‌ಗೆ ಅಂಗಡಿ ಮುಚ್ಚುತ್ತೇನೆ. ನಿಮಗೆ ಒಳ್ಳೆಯ ಶಿಫಾರಸು ಕಾಗದ ಬರೆದು ಕೊಡುತ್ತೇನೆ."

ಸರಿ ಹೋಯಿತು. ಬಾಯಿ ಮುಚ್ಚಿಕೊಂಡು ಉಳಿಸಿಕೊಂಡ ಕೆಲಸ ಹೀಗೆ ಹೋಯಿತು. ಆದರೆ ಆ ಕ್ಷಣ ನನಗೆ ಕೆಲಸದ ನೆನಪೇ ಬರಲಿಲ್ಲ, ನಿಜವಾಗಿ ಹೇಳುತ್ತೇನೆ. ಆ ಕುಂಚಗಳನ್ನು ಹೆಣಕ್ಕೆ ಬಟ್ಟೆ ಸುತ್ತಿದ ಹಾಗೆ ಸುತ್ತುತ್ತಿದ್ದರಲ್ಲ, ಅದನ್ನು ನೋಡಲಾಗಲಿಲ್ಲ.

ಕೈಚೀಲದಿಂದ ಅರಿಶಿನದ ಪೊಟ್ಟಣ ತೆಗೆದು ನನ್ನ ಅಂಗೈ ಮೇಲೆ ಚಿಟಿಕೆ ಹಾಕಿಕೊಂಡೆ. ತಟ್ಟೆಯ ಸುಣ್ಣದ ನೀರನ್ನು ನಾಲ್ಕು ಹನಿ ಬಿಟ್ಟು ಉಜ್ಜಿದೆ. ಅಂಗೈ ಕೆಂಪಗಾಯಿತು. ಅವರ ಮುಖದ ಮುಂದೆ ಹಿಡಿದೆ.

"ನಿಮ್ಮ ಕೈಯಲ್ಲ ಸರ್. ನನ್ನ ಕೈ."

ಎಲ್ಲ ಹೇಳಿದೆ. ಮಂಗಳವಾರದ ಪೂಜೆ, ಬ್ರೆಡ್ಡಿನ ತಿರುಳು, ಅಪ್ಪನ ಶಾಪು, ಗಂಡನ ಲೇ ಆಫು, ಒಂದೂ ಬಿಡಲಿಲ್ಲ. ಮಾತಿನ ನಡುವೆ ಅತ್ತುಬಿಟ್ಟೆ, ಅದರ ಬಗ್ಗೆ ಈಗಲೂ ನಾಚಿಕೆಯಾಗುತ್ತದೆ. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಎರಡು ದಿನ," ಎಂದರು. "ಎರಡು ದಿನ ನೀವು ನನ್ನನ್ನು ನೋಡುತ್ತ ಕೂತಿದ್ದಿರಿ."

"ಹೌದು."

"ಬೀಗದ ಕೈ ಕೊಡಿ."

ಕೊಟ್ಟೆ. ಕೋಟು ಎತ್ತಿಕೊಂಡೆ. ಬಾಗಿಲ ಹತ್ತಿರ ಹೋದ ಮೇಲೆ, ಇನ್ನು ಕಳೆದುಕೊಳ್ಳುವುದು ಏನಿದೆ ಎಂದು ತಿರುಗಿ, ಬಿಸಿಲಿಗೆ ಇಟ್ಟರೆ ಈ ಕಲೆ ಹೋಗುತ್ತದೆ, ನಮ್ಮ ಕಡೆ ಹಬ್ಬದ ಬಟ್ಟೆಗಳಿಗೆಲ್ಲ ಹಾಗೇ ಮಾಡುತ್ತೇವೆ ಎಂದೆ.

"ಬೆಳಕು ಕಾಗದದ ಶತ್ರು," ಎಂದರು ಅವರು, ಗಿರಾಕಿಗಳಿಗೆ ಹೇಳುವ ಅದೇ ಧಾಟಿಯಲ್ಲಿ. ಆಮೇಲೆ ಹಾಳೆಯ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿದರು. "ನಮ್ಮಮ್ಮ ನಾರಿನ ಬಟ್ಟೆಯನ್ನು ಒದ್ದೆಯಾಗಿ ಹುಲ್ಲಿನ ಮೇಲೆ ಹಾಸುತ್ತಿದ್ದಳು. ಬಿಸಿಲಿಗೆ ಬೆಳ್ಳಗಾಗಲಿ ಎಂದು. ಈ ಕಾಗದವೂ ಹಳೆಯ ನಾರು ಬಟ್ಟೆಯಿಂದಲೇ ಮಾಡಿದ್ದು." ನನ್ನ ಕಡೆ ನೋಡದೆ, "ನಾಳೆ ಎಂಟಕ್ಕೆ ಬನ್ನಿ. ಕೈ ತೊಳೆದುಕೊಂಡು," ಎಂದರು.

ಶುಕ್ರವಾರ ಹತ್ತೂವರೆಯವರೆಗೆ ಆಕಾಶ ಬೂದಿಯ ಹಾಗಿತ್ತು. ಹಾಳೆಯನ್ನು ತಟ್ಟೆಯಲ್ಲಿ ತಿಳಿನೀರಿನೊಳಗೆ ಮುಳುಗಿಸಿ, ದೊಡ್ಡ ಕಿಟಕಿಯ ಕೆಳಗಿನ ಮೇಜಿನ ಮೇಲೆ ಇಟ್ಟುಕೊಂಡು ಇಬ್ಬರೂ ಕಾದೆವು. ನಾಳೆ ಬೆಳಿಗ್ಗೆ ಅಜ್ಜಿ ಬರುತ್ತಾರೆ. ಇವತ್ತು ಬಿಸಿಲು ಬಾರದಿದ್ದರೆ ಇನ್ನಿಲ್ಲ. ನನಗೆ ಗೊತ್ತಿದ್ದ ದೇವರುಗಳನ್ನೆಲ್ಲ ಕರೆದೆ, ಈ ಸಲ ಕೈ ಜೇಬಿನಲ್ಲಿಟ್ಟುಕೊಂಡು. ಹನ್ನೊಂದರ ಹೊತ್ತಿಗೆ ಎದುರಿನ ಕಟ್ಟಡದ ಇಟ್ಟಿಗೆ ಬೆಳಗಿತು, ಆಮೇಲೆ ನಮ್ಮ ಕಿಟಕಿ, ಆಮೇಲೆ ತಟ್ಟೆ.

ಅವರು ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. ಕಾಲು ಗಂಟೆಗೊಮ್ಮೆ ಬಗ್ಗಿ ನೋಡುವರು. ನಾನು ಊಟದ ಡಬ್ಬಿ ಬಿಚ್ಚಲಿಲ್ಲ. ಮೊಸರನ್ನದ ಒಗ್ಗರಣೆಯಲ್ಲೂ ಅರಿಶಿನ ಬಿದ್ದಿದ್ದರೆ ಎಂದು ಡಬ್ಬಿಯ ಮೇಲೇ ಅನುಮಾನ. ಒಂದು ಗಂಟೆಗೆ ಗೀಟುಗಳು ಹಳದಿಯಾಗಿದ್ದವು. ಎರಡು ಗಂಟೆಗೆ ಮುಳುಗಿದ ಹಡಗಿನ ಹತ್ತಿರದ್ದು ಹೋಗಿತ್ತು. ಮೂರೂವರೆಗೆ ಬಿಸಿಲು ಹೋಯಿತು. ಅಷ್ಟರಲ್ಲಿ ಉಳಿದದ್ದು ನೀರಿನಲ್ಲಿದ್ದ ಆ ಮನುಷ್ಯನ ಎತ್ತಿದ ಕೈಯ ಹತ್ತಿರ ಒಂದಿಷ್ಟು, ಇದೆ ಎಂದರೆ ಇದೆ, ಇಲ್ಲ ಎಂದರೆ ಇಲ್ಲ.

ಶನಿವಾರ ಅಜ್ಜಿ ಬಂದು ಭೂತಗನ್ನಡಿ ಹಿಡಿದು ಕೂತರು. ಯಜಮಾನರು ಅವರಿಗೆ ಮುಚ್ಚಿಡಲಿಲ್ಲ. ಒಂದು ಕಲೆಯಾಯಿತು, ತೆಗೆದೆವು, ಇಲ್ಲಿ ಅದರ ನೆರಳಿದೆ ಎಂದು ತಾವೇ ತೋರಿಸಿದರು. ಅಜ್ಜಿ ಆ ನೆರಳಿನ ಕಡೆ ಗಮನವನ್ನೇ ಕೊಡಲಿಲ್ಲ.

"ಬಾಯಿ ತೆರೆದಿದ್ದಾನೆ," ಎಂದರು. "ಕೈ ಬೀಸುತ್ತಿದ್ದಾನೆ ಎಂದುಕೊಂಡಿದ್ದೆವು. ಇವನು ಕೂಗುತ್ತಿದ್ದಾನೆ."

ನಿಜ. ಕೊಳೆ ಹೋದ ಮೇಲೆ ಅದು ಎದ್ದು ಕಾಣುತ್ತಿತ್ತು. ನೂರು ವರ್ಷ ಗೋಡೆಯ ಮೇಲೆ ಆ ಮನುಷ್ಯ ಕಾಪಾಡಿ ಎಂದು ಕೂಗುತ್ತಲೇ ಇದ್ದ. ಕೆಳಗೆ ಕೂತು ಊಟ ಮಾಡುವವರಿಗೆ ಕಾಣಿಸಿರಲಿಲ್ಲ.

ಯಜಮಾನರು ಕುಂಚಗಳನ್ನು ಕಾಗದದಿಂದ ಬಿಚ್ಚಿ ಮತ್ತೆ ಮಡಕೆಗೆ ಹಾಕಿದರು. ಅಂಗಡಿ ಮುಚ್ಚುವ ಮಾತು ಎತ್ತಲಿಲ್ಲ. ನನ್ನನ್ನು ಹೋಗಿ ಎನ್ನಲೂ ಇಲ್ಲ. ಬೀಗದ ಕೈಯನ್ನು ಮಾತ್ರ ವಾಪಸು ಕೊಡಲಿಲ್ಲ. ಆ ಚಳಿಗಾಲವೆಲ್ಲ ನಾನು ಹಿಮದಲ್ಲಿ ಮೆಟ್ಟಿಲ ಕೆಳಗೆ ನಿಂತು ಅವರು ಬರುವುದನ್ನು ಕಾಯುತ್ತಿದ್ದೆ. ಕಾಯಬೇಕಾದ್ದೇ. ಮಾರ್ಚಿನಲ್ಲಿ ನನ್ನ ಗಂಡನಿಗೆ ಕೆಲಸ ಸಿಕ್ಕಿತು. ಇನ್ನು ನೀನು ಬಿಡಬಹುದು ಎಂದರು. ನಾನು ಬಿಡಲಿಲ್ಲ.

ಮುಂದಿನ ಶರತ್ಕಾಲದಲ್ಲಿ ಒಂದು ದಿನ ಅವರು ಇದ್ದಕ್ಕಿದ್ದಂತೆ, ನಿಮ್ಮ ಆ ಹಬ್ಬ ಯಾವಾಗ ಎಂದು ಕೇಳಿದರು. ದಿನ ಹೇಳಿದೆ. ಆ ಬೆಳಿಗ್ಗೆ ಹೋದಾಗ ಕೆಳಗಿನ ಬಾಗಿಲು ತೆರೆದಿತ್ತು, ಗಾಜಿನ ಮೇಲೆ "ಇಂದು ರಜೆ" ಎಂಬ ಹಲಗೆ ತೂಗುತ್ತಿತ್ತು. ಮೇಲೆ, ಒಂದು ಹಾಳೆಯೂ ಹೊರಗಿರಲಿಲ್ಲ, ಎಲ್ಲವನ್ನೂ ಬೀರುವಿಗೆ ಹಾಕಿ ಬೀಗ ಹಾಕಿದ್ದರು. ಮೇಜಿನ ಮೇಲೆ ಕತ್ತರಿ, ಕತ್ತಿ, ಕುಂಚ, ಎಲ್ಲ ಸಾಲಾಗಿ. ಸಾಲಿನ ಕೊನೆಯಲ್ಲಿ ನನ್ನ ಬೀಗದ ಕೈ.

"ನಿಮ್ಮ ತಂದೆ ಸರಿಯಾಗಿಯೇ ಹೇಳಿದ್ದರು," ಎಂದರು. "ಇವತ್ತು ಯಾವುದನ್ನೂ ಮುಟ್ಟಬಾರದು."

ನಾನು ಅರಿಶಿನ ತೆಗೆದು ಒಂದೊಂದಕ್ಕೂ ಹಚ್ಚುತ್ತ ಬಂದೆ. ಬೀಗದ ಕೈಗೂ ಹಚ್ಚಿದೆ. ಮುಗಿಯಿತು ಎಂದು ತಲೆಯೆತ್ತಿದಾಗ ಅವರು ಕುರ್ಚಿ ಎಳೆದುಕೊಂಡು ಕೂತು, ತಮ್ಮ ಎರಡು ಕೈಗಳನ್ನೂ ಬೀಗದ ಕೈಯ ಪಕ್ಕದಲ್ಲಿ ಮೇಜಿನ ಮೇಲೆ ಇಟ್ಟರು.

"ಇವಕ್ಕೂ," ಎಂದರು.

ಹಚ್ಚಿದೆ. ಅವು ನಡುಗುತ್ತಿದ್ದವು. ಕೈ ಮೇಲೆ ಅನುಮಾನವಿದೆ ಎಂದು ಹೋದ ವರ್ಷ ಅವರು ಹೇಳಿದ್ದು ಸುಳ್ಳಾಗಿರಲಿಲ್ಲ, ನನಗೆ ಆಗ ತಿಳಿಯಿತು. ಅವರಿಗೂ ನನಗೆ ತಿಳಿದದ್ದು ತಿಳಿಯಿತು. ಈ ಸಲ ನಾನು "ಹಾಗೇನಿಲ್ಲ ಸರ್" ಎನ್ನಲಿಲ್ಲ. ನಡುಗುವ ಕೈಯ ಮೇಲೆ ಕುಂಕುಮ ಸರಿಯಾಗಿ ಕೂರುವುದಿಲ್ಲ, ಆದ್ದರಿಂದ ಒಂದೊಂದನ್ನೂ ನನ್ನ ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಇಟ್ಟೆ.